ಹೆಪ್ಪಿನ ಚರಿತ್ರೆ: ತರ್ದವಾಡಿ ನಾಡಿನ ಅಡುಗೆಯಿಂದ ನ್ಯಾನೋಜೆಲ್‌ವರೆಗೆ

ಆಹಾರವಿಜ್ಞಾನದಲ್ಲಿ ಈಚಿನ ಎರಡು ದಶಕಗಳಿಂದ ನ್ಯಾನೋಜೆಲ್ ಎಂಬ ಪದಾರ್ಥದ ಮಾತು ಬಹಳವಾಗಿ ಕೇಳಿಬರುತ್ತಿದೆ. ನೀರನ್ನು ಹೀರಿ ಉಬ್ಬಿ, ಆದರೂ ಕರಗಿಹೋಗದೆ ತನ್ನ ಆಕಾರವನ್ನು ಉಳಿಸಿಕೊಂಡಿರುವ ಅತಿಸೂಕ್ಷ್ಮವಾದ ಕಣಗಳಿಗೆ ಈ ಹೆಸರು. ಒಂದೊಂದು ಕಣದ ಅಡ್ಡಳತೆಯು ಹತ್ತಾರು ನ್ಯಾನೋಮೀಟರುಗಳಿಂದ ಕೆಲವು ನೂರು ನ್ಯಾನೋಮೀಟರುಗಳವರೆಗೆ ಇರುತ್ತದೆ. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಒಂದು ಪಾಲು. ಇಂತಹ ಕಣದ ಒಡಲಿನಲ್ಲಿ ಜೀವಸತ್ತ್ವವನ್ನೋ ಬಣ್ಣವನ್ನೋ ಪರಿಮಳವನ್ನೋ ತುಂಬಿ, ಅದು ಕೆಡದಂತೆ ಕಾಪಾಡಿ, ಬೇಕಾದ ಎಡೆಯಲ್ಲಿ ಬಿಡಿಸಬಹುದೆಂಬುದೇ ಆಹಾರೋದ್ಯಮಕ್ಕೆ ಇದರಲ್ಲಿರುವ ಆಸಕ್ತಿಗೆ ಕಾರಣವು.

ಇದನ್ನು ಕನ್ನಡದಲ್ಲಿ ಏನೆಂದು ಕರೆಯತಕ್ಕದ್ದು? ಪ್ರಶ್ನೆಯು ಕೇವಲ ಪರಿಭಾಷೆಯದೆಂದು ತೋರಬಹುದು. ಆದರೆ ಹೆಸರು ತಪ್ಪಿದರೆ ವಸ್ತುವಿನ ತಿಳಿವೂ ತಪ್ಪುತ್ತದೆ. ಜೆಲ್ ಎಂಬುದಕ್ಕೆ ‘ಲೋಳೆ’ ಎಂದರೆ ಹರಿಯುವ ದ್ರವವು ಮನಸ್ಸಿಗೆ ಬರುತ್ತದೆ. ‘ಅಂಟು’ ಎಂದರೆ ಎರಡು ವಸ್ತುಗಳನ್ನು ಕೂಡಿಸುವ ಸಾಧನವು ಬರುತ್ತದೆ. ಜೆಲ್ ಇವೆರಡೂ ಅಲ್ಲ. ಬಹುಪಾಲು ನೀರೇ ಆಗಿದ್ದು ಘನವಸ್ತುವಿನಂತೆ ನಿಲ್ಲುವುದು ಅದರ ಲಕ್ಷಣವು. ಈ ಲಕ್ಷಣವನ್ನು ಕನ್ನಡಿಗರು ಎಲ್ಲಿ ಕಂಡಿದ್ದರು, ಯಾವ ಮಾತಿನಿಂದ ಗುರುತಿಸಿದ್ದರು ಎಂಬುದನ್ನು ನೋಡಿದ ಹೊರತು ಹೆಸರಿನ ನಿರ್ಣಯವು ಆಗದು. ಅದನ್ನು ನೋಡುವುದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗಿಂತ ತಕ್ಕ ಸ್ಥಳವು ದೊರೆಯುವುದು ಕಷ್ಟ. ಏಕೆಂದರೆ ಇಂದು ಪ್ರಯೋಗಶಾಲೆಯಲ್ಲಿ ನ್ಯಾನೋಜೆಲ್ಲಿಗೆ ಬಳಸುವ ಮುಖ್ಯದ್ರವ್ಯಗಳಾದ ಪಿಷ್ಟ, ಹಾಲಿನ ಪ್ರೋಟೀನು, ಲಿಂಬೆಯ ಸಿಪ್ಪೆಯ ಪೆಕ್ಟಿನ್, ಹುಣಸೆಬೀಜದ ಸತ್ತ್ವ ಇವೆಲ್ಲವೂ ಈ ನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಕೈಯಾಡಿದವುಗಳಾಗಿವೆ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಶಾಸನಗಳ ತರ್ದವಾಡಿ ಸಾಸಿರ ನಾಡಿನಲ್ಲಿ ಈ ಭಾಗದ ಬಹುಪಾಲು ಸೇರಿದ್ದಿತು. ಭೀಮಾತೀರದ ತದ್ದೇವಾಡಿಯು ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಕ್ರಿ. ಶ. ೯೬೫ರ ಹೊತ್ತಿಗೆ ಈ ನಾಡನ್ನು ಅನುಗಜೀವಿತವಾಗಿ ಪಡೆದು ಆಳುತ್ತಿದ್ದ ತೈಲಪನೇ ೯೭೩ರಲ್ಲಿ ಚಾಲುಕ್ಯರಾಜ್ಯವನ್ನು ಮರಳಿ ನಿಲ್ಲಿಸಿದನು. ಆ ವಂಶದ ಆಶ್ರಯದಲ್ಲಿಯೇ ಅಡುಗೆಯು ಶಾಸ್ತ್ರದ ಪದವಿಯನ್ನು ಪಡೆದುದು ಗಮನಾರ್ಹವಾಗಿದೆ. ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನು ಸು. ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವು ಮೀಸಲಾಗಿದೆ. ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ, ಕಾಯಿಸಿದ ಹಾಲಿಗೆ ಹುಳಿಯನ್ನು ಬೆರೆಸಿ ಒಡೆಯಿಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಯಾದ ಭಾಗದಿಂದ ಭಕ್ಷ್ಯಗಳನ್ನು ಮಾಡುವ ಕ್ರಮವು ವರ್ಣಿತವಾಗಿದೆ. ಅರಮನೆಯ ಗ್ರಂಥಗಳು ಹಾಲಿನ ವಿಷಯದಲ್ಲಿ ಉದಾರವಾಗಿದ್ದರೂ ಒಕ್ಕಲಿಗನ ಜೋಳದ ವಿಷಯದಲ್ಲಿ ಹಾಗಿಲ್ಲ. ಈ ಚರಿತ್ರೆಯ ಹೆಚ್ಚಿನ ಭಾಗವನ್ನು ಗ್ರಂಥಗಳಲ್ಲಿ ಅಲ್ಲ, ಒಲೆಯ ಮುಂದೆ ಹುಡುಕಬೇಕಾಗುತ್ತದೆ.

ಡೋಣಿ ಬೆಳೆದರೆ ಓಣಿ ತುಂಬ ಜೋಳವೆಂಬುದು ಈ ಸೀಮೆಯ ನಾಡನುಡಿ. ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವೇ ಇಲ್ಲಿಯ ಮುಖ್ಯ ಧಾನ್ಯವು. ಸೋಲಾಪುರದ ಬಳಿಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ಮಾಲದಂಡಿ ತಳಿಯಿಂದ ಆರಿಸಿದ ಎಂ ೩೫-೧ ಎಂಬ ಜಾತಿಯು ಇಲ್ಲಿ ನೆಲೆಯೂರಿ ಇಂದಿಗೂ ಅಳಿದಿಲ್ಲ. ಗೋದಿಯ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೆ ಅದರಲ್ಲಿರುವ ಗ್ಲೂಟನ್ ಎಂಬ ಪ್ರೋಟೀನು ಎಳೆಯೆಳೆಯಾಗಿ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲೂಟನ್ ಇಲ್ಲ. ಆದುದರಿಂದ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ರೊಟ್ಟಿ ಬಡಿಯುವಾಗ ಒಡೆಯುತ್ತದೆ. ಈ ನಾಡಿನ ಹೆಣ್ಣುಮಕ್ಕಳು ಇದಕ್ಕೆ ಕಂಡುಕೊಂಡ ಉಪಾಯವು ಎಸರು: ಕುದಿಯುವ ನೀರನ್ನು ಹಿಟ್ಟಿನ ನಡುವಿಗೆ ಸುರಿದು, ತುಸು ಆರಿದ ಮೇಲೆ ನಾದಿದರೆ ಹಿಟ್ಟಿಗೆ ಜಿಗಿ ಬರುತ್ತದೆ. ಈ ಜಿಗಿ ಎಂಬುದೇನು? ಜೋಳದ ಪಿಷ್ಟದ ಕಣಗಳು ಸುಮಾರು ೭೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನೀರನ್ನು ಹೀರಿ ಉಬ್ಬಿ, ತಮ್ಮ ಒಳಗಿನ ಉದ್ದನೆಯ ಸರಪಣಿಗಳನ್ನು ಹೊರಕ್ಕೆ ಬಿಡುತ್ತವೆ. ಆ ಸರಪಣಿಗಳು ಒಂದಕ್ಕೊಂದು ತೊಡರಿ ಉಳಿದ ಹಿಟ್ಟನ್ನು ಕಟ್ಟಿಹಾಕುತ್ತವೆ. ಎಲ್ಲ ಹಿಟ್ಟೂ ಬೆಂದರೆ ಮುದ್ದೆಯಾಗುತ್ತದೆ, ಏನೂ ಬೇಯದಿದ್ದರೆ ಪುಡಿಯಾಗಿ ಉಳಿಯುತ್ತದೆ. ಎಷ್ಟು ಭಾಗ ಬೇಯಬೇಕೆಂಬುದನ್ನು ಕೈಯೇ ನಿರ್ಣಯಿಸುತ್ತದೆ. ಒಂದು ಭಾಗವನ್ನು ಮಾತ್ರ ಜೆಲ್ಲಾಗಿಸಿ ಮಿಕ್ಕುದನ್ನು ಅದರಲ್ಲಿ ಹಿಡಿದಿಡುವ ಈ ಕ್ರಮಕ್ಕೆ ಇಂದಿನ ಆಹಾರತಂತ್ರಜ್ಞರು ಉಷ್ಣಮಾಪಕವನ್ನು ಬಳಸುತ್ತಾರೆ.

ಎಸರಿನಲ್ಲಿ ನೀರನ್ನು ಹೆಚ್ಚಿಸಿದರೆ ನುಚ್ಚು, ಇನ್ನೂ ಹೆಚ್ಚಿಸಿದರೆ ಅಂಬಲಿ. ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವನು ಅಂಬಲಿಯನ್ನು ಸವಿದನೆಂಬ ಕಥೆಯು ಶರಣಸಾಹಿತ್ಯವನ್ನು ಓದಿದವರಿಗೆಲ್ಲ ವಿದಿತವಾದುದು. ಬಡವನ ಆಹಾರವೆಂಬ ಅರ್ಥವಿಲ್ಲದಿದ್ದರೆ ಆ ಕಥೆಗೆ ಬಲವೇ ಇರುತ್ತಿರಲಿಲ್ಲ. ಒಂದು ಪಾಲು ಹಿಟ್ಟು ಹತ್ತು ಪಾಲು ನೀರನ್ನು ದಟ್ಟವಾಗಿಸಿ ನಿಲ್ಲಿಸಬಲ್ಲುದು. ಅದು ಹೊಟ್ಟೆಯನ್ನು ತುಂಬಿಸುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಪೋಷಿಸುವುದಿಲ್ಲ. ೧೮೭೬–೭೮ರ ಮಹಾಕ್ಷಾಮದಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಒಂದಾಗಿದ್ದಿತು. ಹಿಟ್ಟು ಕಡಮೆಯಾದಂತೆ ನೀರು ಹೆಚ್ಚುವ ಅಂಬಲಿಯ ಗುಣವು ಅಂತಹ ಕಾಲದಲ್ಲಿ ವರವೂ ಹೌದು, ವಂಚನೆಯೂ ಹೌದು. ವಿಚಿತ್ರವೆಂದರೆ, ಬರಗಾಲದಲ್ಲಿ ಶಾಪವಾಗಿದ್ದ ಈ ಗುಣವೇ ಇಂದು ಹೊಟ್ಟೆ ತುಂಬಿಯೂ ಮೈ ಬೆಳೆಸದ ಆಹಾರವೆಂಬ ಹೆಸರಿನಲ್ಲಿ ಸಿರಿವಂತ ದೇಶಗಳ ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ! ಕೊಬ್ಬಿನ ಬದಲಿಗೆ ನೀರು ತುಂಬಿದ ಜೆಲ್ ಕಣಗಳನ್ನು ಸೇರಿಸಿ ಬೆಣ್ಣೆಯ ನುಣುಪನ್ನು ತರುವ ವಿದ್ಯೆಯು ಇದರ ಮೇಲೆಯೇ ನಿಂತಿದೆ.

ಜೋಳಕ್ಕಿಂತ ಹಾಲಿನ ಕಥೆಯು ನ್ಯಾನೋಜೆಲ್ಲಿಗೆ ಹೆಚ್ಚು ಸಮೀಪವಾದುದು. ಹಾಲಿನ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಕೇಸೀನ್. ಅದು ಹಾಲಿನಲ್ಲಿ ಬಿಡಿಬಿಡಿಯಾಗಿ ಕರಗಿರುವುದಿಲ್ಲ. ಸಾವಿರಾರು ಅಣುಗಳು ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಕೂಡಿ, ಸರಾಸರಿ ೧೫೦ರಿಂದ ೨೦೦ ನ್ಯಾನೋಮೀಟರು ಅಳತೆಯ ಗುಂಡುಗಳಾಗಿ ತೇಲುತ್ತಿರುತ್ತವೆ. ಪ್ರತಿಯೊಂದು ಗುಂಡೂ ತನ್ನ ಒಣತೂಕದ ಮೂರು ನಾಲ್ಕು ಪಟ್ಟು ನೀರನ್ನು ಒಡಲಿನಲ್ಲಿ ಹಿಡಿದಿರುತ್ತದೆ. ಹಸುವಿನ ಕೆಚ್ಚಲಿನಲ್ಲಿ ಸೃಷ್ಟಿಯೇ ಮಾಡಿದ ನ್ಯಾನೋಜೆಲ್ ಇದು. ಸಂಜೆ ಹಾಲಿಗೆ ಹೆಪ್ಪು ಹಾಕಿದಾಗ ಹುಳಿಯು ನಿಧಾನವಾಗಿ ಬೆಳೆದು ಗುಂಡುಗಳ ಮೇಲಿನ ವಿದ್ಯುದಂಶವು ಅಡಗುತ್ತದೆ. ಅದುವರೆಗೆ ಒಂದನ್ನೊಂದು ದೂಡುತ್ತಿದ್ದವು ಆಗ ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ಬೆಳಗಾಗುವಷ್ಟರಲ್ಲಿ ಗಡಿಗೆಯ ಹಾಲೆಲ್ಲವೂ ಮೊಸರಾಗಿರುತ್ತದೆ. ಅಂದರೆ ಕಿರಿಯ ಹೆಪ್ಪುಗಳು ಕೂಡಿ ಒಂದು ಹಿರಿಯ ಹೆಪ್ಪಾಗುತ್ತದೆ.

‘ಹೆಪ್ಪು’ ಎಂಬ ಈ ಮಾತು ಇಲ್ಲಿ ವಿಚಾರಣೀಯವಾಗಿದೆ. ಕನ್ನಡದಲ್ಲಿ ಹಾಲಿಗೆ ಹಾಕುವ ಮೂಲವೂ ಹೆಪ್ಪೇ, ಅದರಿಂದಾಗುವ ಸ್ಥಿತಿಯೂ ಹೆಪ್ಪೇ. ಮೊಸರಿಗೆ ಮಾತ್ರವಲ್ಲ, ರಕ್ತಕ್ಕೂ ತುಪ್ಪಕ್ಕೂ ಮಂಜಿಗೂ ಹೆಪ್ಪುಗಟ್ಟುವುದೆಂಬ ಬಳಕೆಯಿದೆ. ಹರಿಯುತ್ತಿದ್ದುದು ತಾನಿದ್ದಲ್ಲಿಯೇ ನಿಂತಿತೆಂಬುದು ಇದರ ಭಾವ. ಯುರೋಪಿನ ವಿಜ್ಞಾನಿಗಳು ಇದೇ ವಸ್ತುವಿಗೆ ಹೆಸರಿಡುವಾಗ ಇದೇ ಭಾವವನ್ನು ಆರಿಸಿಕೊಂಡುದು ಆಕಸ್ಮಿಕವಾದರೂ ಸ್ವಾರಸ್ಯಕರವಾಗಿದೆ. ಫ್ರಾನ್ಸಿನ ಆನ್ರಿ ಬ್ರಾಕೊನೋ ಎಂಬ ರಸಾಯನಜ್ಞನು ೧೮೨೫ರಲ್ಲಿ ಹಣ್ಣುಗಳಲ್ಲಿರುವ ಸತ್ತ್ವಕ್ಕೆ, ಹೆಪ್ಪುಗಟ್ಟಿದುದೆಂಬ ಅರ್ಥದ ಗ್ರೀಕ್ ಶಬ್ದದಿಂದ ಪೆಕ್ಟಿಕ್ ಎಂಬ ಹೆಸರನ್ನು ಕಟ್ಟಿದನು. ಜೆಲ್ ಎಂಬುದು ಜೆಲಟಿನ್ ಎಂಬುದರ ಮೊಟಕು. ಅದರ ಮೂಲವಾದ ಲ್ಯಾಟಿನ್ ಧಾತುವಿಗೂ ಹೆಪ್ಪುಗಟ್ಟುವುದೆಂದೇ ಅರ್ಥ. ಹೀಗಿರುವಾಗ ಜೆಲ್ಲಿಗೆ ಕನ್ನಡದ ಹೆಸರನ್ನು ಬೇರೆ ಎಲ್ಲಿಯೂ ಹುಡುಕಬೇಕಾದುದಿಲ್ಲ. ‘ಅಣುಹೆಪ್ಪು’ ಎಂದರೆ ತಪ್ಪಾದೀತು; ಅಣುವೆಂಬುದು ಪರಿಭಾಷೆಯಲ್ಲಿ ಬೇರೆಯ ವಸ್ತುವಿಗೆ ಮೀಸಲಾಗಿದೆ, ನ್ಯಾನೋಜೆಲ್ಲಿನ ಒಂದು ಕಣದಲ್ಲಿ ಅಂತಹ ಅನೇಕ ಅಣುಗಳಿರುತ್ತವೆ. ‘ನ್ಯಾನೋಹೆಪ್ಪು’ ಎಂದರೆ ಅರಿಸಮಾಸವಾಯಿತೆಂದು ವೈಯಾಕರಣರು ಮುಖ ತಿರುಗಿಸಿಯಾರು. ನ್ಯಾನೋ ಎಂಬುದರ ಗ್ರೀಕ್ ಮೂಲಕ್ಕೆ ಕುಬ್ಜನೆಂದು ಅರ್ಥವಿರುವುದರಿಂದ ‘ಕಿರುಹೆಪ್ಪು’ ಎಂಬುದು ಅರ್ಥಕ್ಕೂ ಕಿವಿಗೂ ಸಮ್ಮತವಾಗಬಹುದು. ಹರಿಯುವ ಸ್ಥಿತಿಗೆ ಲೋಳೆಯೆಂಬ ಮಾತನ್ನು ಉಳಿಸಿಕೊಂಡರೆ ಎರಡರ ಭೇದವೂ ಸ್ಪಷ್ಟವಾಗುತ್ತದೆ.

ಲೋಳೆಯ ಉಪಯೋಗವನ್ನೂ ಈ ಸೀಮೆಯವರು ಅರಿಯದವರಲ್ಲ. ಕಬ್ಬಿನ ಗಾಣದಲ್ಲಿ ರಸವನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹಾಕುವ ಪದ್ಧತಿಯಿದೆ. ಅದು ರಸದಲ್ಲಿಯ ಸೂಕ್ಷ್ಮ ಕಲ್ಮಷವನ್ನು ಸುತ್ತಿಕೊಂಡು ಮೇಲಕ್ಕೆ ತರುತ್ತದೆ, ಬೆಲ್ಲವು ತಿಳಿಯಾಗುತ್ತದೆ. ಕಂಬಳಿಯ ನೂಲಿಗೆ ಕುರುಬರು ಹುಣಸೆಬೀಜದ ಸರಿಯನ್ನು ಹಚ್ಚುತ್ತಾರೆ. ಇದೇ ಹುಣಸೆಬೀಜದ ಸತ್ತ್ವವು ಸಕ್ಕರೆಯೊಡನೆ ಹೆಪ್ಪುಗಟ್ಟುವುದೆಂಬುದನ್ನು ಡೆಹರಾಡೂನಿನ ಅರಣ್ಯ ಸಂಶೋಧನಾಲಯದ ಘೋಷ್ ಮತ್ತು ಕೃಷ್ಣ ಎಂಬುವರು ೧೯೪೨ರಲ್ಲಿ ಪ್ರಕಟಿಸಿದರು. ಹೊರದೇಶದ ಸರಕುಗಳು ದುರ್ಲಭವಾಗಿದ್ದ ಯುದ್ಧಕಾಲದಲ್ಲಿ ಅದು ಪೆಕ್ಟಿನ್‌ಗೆ ಬದಲಿಯಾಗಬಹುದೆಂಬ ಆಸೆಯೂ ಹುಟ್ಟಿತು. ಪೆಕ್ಟಿನ್‌ನ ಚರಿತ್ರೆಯ ಮೊದಲ ಹೆಜ್ಜೆಯೂ ಹುಣಸೆಯಲ್ಲಿಯೇ ಇದೆ. ಬ್ರಾಕೊನೋವಿಗೆ ಮುಂಚೆ ೧೭೯೦ರಲ್ಲಿ ವೋಕ್ಲೆ ಎಂಬ ಫ್ರೆಂಚ್ ರಸಾಯನಜ್ಞನು ಹೆಪ್ಪುಗಟ್ಟುವ ಸತ್ತ್ವವನ್ನು ಕಂಡುದು ಹುಣಸೆಹಣ್ಣನ್ನು ಪರೀಕ್ಷಿಸುವಾಗಲೇ.

ಯುರೋಪಿನಲ್ಲಿ ಈ ವಿಷಯಕ್ಕೆ ಶಾಸ್ತ್ರರೂಪವನ್ನು ಕೊಟ್ಟವನು ಬ್ರಿಟನ್ನಿನ ಥಾಮಸ್ ಗ್ರಹಾಂ. ೧೮೬೧ರಲ್ಲಿ ಅವನು ವಸ್ತುಗಳನ್ನು ಹರಳಾಗುವವು, ಕಲಿಲಗಳು ಎಂದು ವಿಂಗಡಿಸಿದನು. ಆದರೆ ಕಲಿಲದ ಒಳಗಿನ ರಚನೆಯು ಏನೆಂಬುದು ಆಗ ಗೊತ್ತಿರಲಿಲ್ಲ. ೧೯೨೦ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಜರನು, ಪಿಷ್ಟ, ರಬ್ಬರುಗಳಂತಹ ವಸ್ತುಗಳಲ್ಲಿ ನಿಜವಾಗಿಯೂ ಸಾವಿರಾರು ಕೊಂಡಿಗಳ ಸರಪಣಿಗಳಿವೆಯೆಂದು ಸಾರಿ, ಬಹಳ ಪ್ರತಿರೋಧವನ್ನು ಎದುರಿಸಿ, ೧೯೫೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಸರಪಣಿಗಳನ್ನು ಅಲ್ಲಲ್ಲಿ ಅಡ್ಡಗೊಂಡಿಗಳಿಂದ ಕಟ್ಟಿದರೆ ಬಲೆಯಾಗುತ್ತದೆ, ಬಲೆಯಲ್ಲಿ ನೀರು ನಿಂತರೆ ಜೆಲ್ಲಾಗುತ್ತದೆ ಎಂಬ ತಿಳಿವು ಇದರಿಂದ ಬಂದಿತು. ಅಮೆರಿಕದ ಬೇಕರನು ೧೯೪೯ರಲ್ಲಿ ‘ಮೈಕ್ರೋಜೆಲ್’ ಎಂಬ ಹೆಸರನ್ನು ಬಳಸಿದನು. ೧೯೬೦ರಲ್ಲಿ ಪ್ರಾಗಿನ ವಿಖ್ಟರ್ಲೆ ಮತ್ತು ಲೀಮ್ ಇವರು ನೀರು ಹಿಡಿಯುವ ಕೃತಕ ಜೆಲ್ಲನ್ನು ಪ್ರಕಟಿಸಿದರು. ಕಣ್ಣಿಗೆ ಹಾಕುವ ಮೃದುಮಸೂರಗಳು ಅದರಿಂದ ಹುಟ್ಟಿದವು. ಜಪಾನಿನ ಅಕಿಯೋಶಿ ಮುಂತಾದವರು ೧೯೯೩ರಲ್ಲಿ ಪುಲ್ಲುಲಾನ್ ಎಂಬ ಸಕ್ಕರೆಸರಪಣಿಗೆ ಕೊಲೆಸ್ಟರಾಲನ್ನು ತೊಡಿಸಿ, ನೀರಿನಲ್ಲಿ ತಾನೇ ಮುದುಡಿಕೊಂಡು ಕಿರಿಯ ಕಣವಾಗುವ ವಸ್ತುವನ್ನು ಮಾಡಿದರು. ೧೯೯೯ರಲ್ಲಿ ವಿನೊಗ್ರಾಡೊವ್, ಬಟ್ರಾಕೋವಾ, ಕಬಾನೊವ್ ಇವರ ಲೇಖನದಿಂದ ನ್ಯಾನೋಜೆಲ್ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಇವರೆಲ್ಲರ ಲಕ್ಷ್ಯವು ಔಷಧದ ಕಡೆಗೆ ಇದ್ದಿತು; ಅಡುಗೆಮನೆಗೆ ಈ ವಿದ್ಯೆಯು ಬಂದುದು ಅದರ ಹಿಂದೆ.

ಔಷಧದಿಂದ ಆಹಾರಕ್ಕೆ ಬರುವಾಗ ಒಂದು ತೊಡಕು ಎದುರಾಯಿತು. ಸರಪಣಿಗಳನ್ನು ಕಟ್ಟಲು ರಸಾಯನಜ್ಞರು ಬಳಸುತ್ತಿದ್ದ ಗ್ಲೂಟರಾಲ್ಡಿಹೈಡಿನಂತಹ ದ್ರವ್ಯಗಳು ವಿಷಕಾರಿಗಳು. ತಿನ್ನುವ ವಸ್ತುವಿಗೆ ಅವು ಸಲ್ಲವು. ಆದುದರಿಂದ ಆಹಾರದ ಕಿರುಹೆಪ್ಪನ್ನು ಮಾಡುವವರು ಕಾವು, ಹುಳಿ, ಉಪ್ಪು, ಸುಣ್ಣದ ಅಂಶ, ಕಿಣ್ವ ಇವುಗಳಿಗೆ ಮರಳಬೇಕಾಯಿತು. ಹಿಂದಿನಿಂದ ಅಡುಗೆಯವರ ಕೈಯಲ್ಲಿದ್ದ ಸಾಧನಗಳೂ ಇವೇ ಅಲ್ಲವೇ! ೨೦೦೬ರಲ್ಲಿ ಚೀನದ ಸಂಶೋಧಕರು ಕೋಳಿಮೊಟ್ಟೆಯ ಬಿಳಿಯ ಭಾಗದ ಎರಡು ಪ್ರೋಟೀನುಗಳನ್ನು ಬೆರೆಸಿ ಕಾಯಿಸಿಯೇ ನ್ಯಾನೋಜೆಲ್ಲನ್ನು ಪಡೆದರು. ಹಾಲಿನ ತಿಳಿಯ ಪ್ರೋಟೀನನ್ನು ಪೆಕ್ಟಿನ್‌ನೊಡನೆ ಕಾಯಿಸಿ ಹುಳಿಯನ್ನು ಹದಗೊಳಿಸುವುದು ಇನ್ನೊಂದು ಕ್ರಮ. ಈ ಎಲ್ಲವುಗಳ ಗುಟ್ಟು ಒಂದೇ: ದ್ರಾವಣವು ಬಹಳ ತೆಳುವಾಗಿರಬೇಕು. ದಟ್ಟವಾಗಿದ್ದರೆ ಸರಪಣಿಗಳು ನೆರೆಯ ಸರಪಣಿಗಳನ್ನು ಹಿಡಿದು ಪಾತ್ರೆಯೆಲ್ಲ ಒಂದೇ ಗಡ್ಡೆಯಾಗುತ್ತದೆ. ತೆಳುವಾಗಿದ್ದರೆ ನೆರೆಯವರು ಸಿಗದೆ ಸಣ್ಣ ಸಣ್ಣ ಗುಂಪುಗಳಾಗಿಯೇ ಕಟ್ಟಿಕೊಳ್ಳುತ್ತವೆ. ಆಗ ಪ್ರತಿಯೊಂದು ಗುಂಪೂ ಹೆಪ್ಪು, ಒಟ್ಟು ದ್ರವವು ಮಾತ್ರ ನೀರಿನಂತೆ ಹರಿಯುತ್ತಿರುತ್ತದೆ.

ಹೀಗೆ ಮಾಡಿದುದರಿಂದ ಲಾಭವೇನು? ಅರಿಸಿನದ ಸತ್ತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಎ ಮತ್ತು ಡಿ ಜೀವಸತ್ತ್ವಗಳೂ ಹಾಗೆಯೇ. ಕಣದ ಒಡಲಿನಲ್ಲಿ ಇಟ್ಟರೆ ಇವು ಪಾನಕದಲ್ಲಿಯೂ ಸಮನಾಗಿ ಹರಡಿ ನಿಲ್ಲುತ್ತವೆ. ಕಣಗಳು ಸಾಕಷ್ಟು ಚಿಕ್ಕವಾಗಿದ್ದರೆ ಪಾನಕದ ತಿಳಿಯೂ ಕೆಡುವುದಿಲ್ಲ. ೨೦೦೭ರಲ್ಲಿ ಇಸ್ರೇಲಿನ ಸಂಶೋಧಕರು ಡಿ ಜೀವಸತ್ತ್ವವನ್ನು ಹಾಲಿನ ಕೇಸೀನ್ ಗುಂಡುಗಳಲ್ಲಿಯೇ ತುಂಬಿ ತೋರಿಸಿದರು. ಸೃಷ್ಟಿಯು ಕರುವಿಗಾಗಿ ಮಾಡಿದ ಬುತ್ತಿಯಲ್ಲಿ ಮನುಷ್ಯನು ತನ್ನದೊಂದು ತುತ್ತನ್ನು ಇಟ್ಟಂತಾಯಿತು. ಜಠರದ ಹುಳಿಯಲ್ಲಿ ಬಿಗಿಯಾಗಿದ್ದು ಕರುಳಿನಲ್ಲಿ ಸಡಿಲವಾಗುವಂತೆ ಕಣವನ್ನು ಕಟ್ಟಲೂ ಬರುತ್ತದೆ. ಜೋಳವುಣ್ಣುವ ನಾಡಿಗೆ ಇದರಲ್ಲಿ ವಿಶೇಷ ಪ್ರಯೋಜನವಿದೆ. ಜೋಳದಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣದ ಅಂಶವನ್ನು ಬಿಗಿಹಿಡಿದು ಮೈಗೆ ಸೇರಗೊಡುವುದಿಲ್ಲ; ಲಿಂಬೆಯ ಸಿ ಜೀವಸತ್ತ್ವವು ಆ ಹಿಡಿತವನ್ನು ಸಡಿಲಿಸುತ್ತದೆ. ಆದರೆ ಸಿ ಜೀವಸತ್ತ್ವವು ಕಾವಿಗೂ ಗಾಳಿಗೂ ಬೇಗನೆ ಕೆಡುವಂತಹುದು. ಅದನ್ನು ಕೆಡದಂತೆ ಹಿಟ್ಟಿನೊಡನೆ ಇಡಬಲ್ಲ ಕಣವು ದೊರೆತರೆ ರೊಟ್ಟಿಗೆ ಬೆಲೆ ಹೆಚ್ಚುತ್ತದೆ. ಅದು ದೊರೆಯುವವರೆಗೆ ಊಟದಲ್ಲಿ ಲಿಂಬೆಯನ್ನು ಹಿಂಡಿಕೊಳ್ಳುವುದೇ ಸುಲಭವೂ ಅಗ್ಗವೂ ಆದ ಉಪಾಯವೆನ್ನಬೇಕು; ಹೊಸ ವಿದ್ಯೆಯ ಉತ್ಸಾಹಿಗಳು ಇದನ್ನು ಮರೆಯುವುದುಂಟು.

ಉತ್ಸಾಹಕ್ಕೆ ಇನ್ನೊಂದು ಕಡಿವಾಣವೂ ಬೇಕು. ಒಂದು ಸೆಂಟಿಮೀಟರು ಘನದ ಹೊರಮೈ ೬ ಚದರ ಸೆಂಟಿಮೀಟರು. ಅದನ್ನೇ ೧೦೦ ನ್ಯಾನೋಮೀಟರಿನ ಘನಗಳಾಗಿ ಒಡೆದರೆ ಹೊರಮೈ ಒಟ್ಟು ೬೦ ಚದರ ಮೀಟರಾಗುತ್ತದೆ. ವಸ್ತುವು ಅದೇ ಆದರೂ ಮೈಯೊಡನೆ ಅದರ ವ್ಯವಹಾರವು ಅದೇ ಆಗಿರಬೇಕೆಂಬ ನಿಯಮವಿಲ್ಲ. ತಿನಿಸುಗಳಿಗೆ ಬಿಳುಪು ಕೊಡಲು ದೀರ್ಘಕಾಲ ಬಳಸುತ್ತಿದ್ದ ಟೈಟೇನಿಯಂ ಡೈಆಕ್ಸೈಡನ್ನು ಯುರೋಪಿನ ಒಕ್ಕೂಟವು ೨೦೨೨ರಲ್ಲಿ ಆಹಾರದಿಂದ ಹೊರಗಿಟ್ಟಿತು. ಅದರಲ್ಲಿಯ ಅತಿಸೂಕ್ಷ್ಮ ಕಣಗಳ ಪರಿಣಾಮವು ನಿಶ್ಚಿಂತವಾಗಿಲ್ಲವೆಂಬುದು ಕಾರಣಗಳಲ್ಲಿ ಒಂದು. ಆ ಖನಿಜವು ಜೀರ್ಣವಾಗದು, ಪಿಷ್ಟ ಕೇಸೀನ್‌ಗಳ ಹೆಪ್ಪು ಜೀರ್ಣವಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಪರೀಕ್ಷೆಯು ಅವಶ್ಯಕವೇ. ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ೨೦೨೦ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೋಪದಾರ್ಥಗಳನ್ನು ಪರೀಕ್ಷಿಸುವ ಮಾರ್ಗಸೂಚಿಗಳನ್ನು ಹೊರಡಿಸಿದೆ. ಇವುಗಳ ಅರ್ಥವು ಜನರಿಗೆ ತಿಳಿಯಬೇಕಾದರೆ ಮೊದಲು ವಸ್ತುವಿನ ಹೆಸರು ಅವರ ಮಾತಿನಲ್ಲಿರಬೇಕು.

ಇಂಡಿಯ ಲಿಂಬೆಯ ವಿಚಾರವು ಉಳಿಯಿತು. ಇಲ್ಲಿಯ ಕಾಗಜಿ ಲಿಂಬೆಯು ೨೦೨೩ರಲ್ಲಿ ‘ಇಂಡಿ ಲಿಂಬೆ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ಇದು ಮೆಕ್ಸಿಕೋದ ಲಿಂಬೆಯ ಜಾತಿಯೇ. ಆ ದೇಶದಲ್ಲಿ ರಸವನ್ನೂ ತೈಲವನ್ನೂ ತೆಗೆದ ಮೇಲೆ ಉಳಿದ ಸಿಪ್ಪೆಯನ್ನು ಒಣಗಿಸಿ ಪೆಕ್ಟಿನ್‌ಗಾಗಿ ಮಾರುತ್ತಾರೆ, ಜಗತ್ತಿನ ಪೆಕ್ಟಿನ್ ಉದ್ಯಮಕ್ಕೆ ಅದೊಂದು ಮುಖ್ಯ ಆಕರವಾಗಿದೆ. ಲಿಂಬೆ ಕಿತ್ತಳೆಗಳ ಒಣಸಿಪ್ಪೆಯಲ್ಲಿ ನೂರಕ್ಕೆ ೨೦ರಿಂದ ೩೦ರಷ್ಟು ಪೆಕ್ಟಿನ್ ಇರುತ್ತದೆ. ಉಪ್ಪಿನಕಾಯಿಯ ಭರಣಿಯಲ್ಲಿ ಲಿಂಬೆಯ ರಸವು ಕೆಲವು ವಾರಗಳಲ್ಲಿ ದಟ್ಟವಾಗಿ ಜಿಗಿ ಹಿಡಿಯುವುದು ಇದರ ಮಹಿಮೆಯೇ. ಪೆಕ್ಟಿನ್‌ನಲ್ಲಿ ಎರಡು ಬಗೆ: ಒಂದು ಹುಳಿಯೂ ಹೇರಳ ಸಕ್ಕರೆಯೂ ಇದ್ದಲ್ಲಿ ಹೆಪ್ಪುಗಟ್ಟುತ್ತದೆ, ಹಣ್ಣಿನ ಮುರಬ್ಬಕ್ಕೆ ಅದು ಬೇಕು, ಇನ್ನೊಂದು ಸಕ್ಕರೆಯಿಲ್ಲದೆಯೇ ಕ್ಯಾಲ್ಸಿಯಂನಿಂದ ಹೆಪ್ಪುಗಟ್ಟುತ್ತದೆ. ಕಿರುಹೆಪ್ಪಿಗೆ ಒದಗುವುದು ಬಹುಮಟ್ಟಿಗೆ ಈ ಎರಡನೆಯದು;

ಮೊದಲನೆಯದನ್ನು ಹುಳಿ ಇಲ್ಲವೆ ಕ್ಷಾರದಿಂದ ಹದಗೊಳಿಸಿ ಎರಡನೆಯದನ್ನು ಪಡೆಯಬಹುದು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಹಣ್ಣುಗಳ ಸಂಸ್ಕರಣೆಯನ್ನು ಮೊದಲಿನಿಂದಲೂ ತನ್ನ ಕೆಲಸಗಳಲ್ಲಿ ಒಂದಾಗಿ ನಡೆಸಿಕೊಂಡು ಬಂದಿದೆ. ಆದುದರಿಂದ ವಿದ್ಯೆಯನ್ನು ದೂರದಿಂದ ತರಬೇಕಾಗಿಲ್ಲ. ಆದರೆ ರಸ ಹಿಂಡಿದ ಸಿಪ್ಪೆಯು ಹಾಗೆಯೇ ರಾಶಿ ಬಿದ್ದಿದ್ದರೆ ಅದರಲ್ಲಿಯ ಕಿಣ್ವವೇ ಪೆಕ್ಟಿನ್‌ನನ್ನು ಮುರಿಯತೊಡಗುತ್ತದೆ. ಬೇಗನೆ ಬಿಸಿನೀರಿನಲ್ಲಿ ಅದ್ದಿ, ತೊಳೆದು, ಒಣಗಿಸಬೇಕು. ಒಣಗಿಸಲು ಇಂಡಿಯ ಬಿಸಿಲಿಗೆ ಕೊರತೆಯಿಲ್ಲ. ಹುಳಿಯಲ್ಲಿ ಕುದಿಸಿ ತೆಗೆದ ರಸದಿಂದ ಪೆಕ್ಟಿನ್‌ನನ್ನು ಬೇರ್ಪಡಿಸುವ ಮದ್ಯಸಾರವೂ, ಅದನ್ನು ಮರಳಿ ಪಡೆಯುವ ಭಟ್ಟಿಯೂ ಮಾತ್ರ ವೆಚ್ಚದ ಬಾಬುಗಳು. ಕಬ್ಬಿನ ಕಾಕಂಬಿಯಿಂದ ಮದ್ಯಸಾರವಾಗುತ್ತದೆ, ಭೀಮೆಯ ದಂಡೆಯಲ್ಲಿ ಕಬ್ಬೂ ಬೆಳೆಯುತ್ತದೆ.